ಒಂದು ಸ್ವೆಟರ್ ಕುಗ್ಗಿತು, ಇನ್ನೊಂದು ಜಗ್ಗಿತು: ಏನು ಮಾಡಲಿ?

ಪ್ರಶ್ನೆ: ಅಮ್ಮ ಹೆಣೆದುಕೊಟ್ಟ ಎರಡು ಉಣ್ಣೆ ಸ್ವೆಟರ್ ಇದ್ದವು. ಒಂದನ್ನು ವಾಷಿಂಗ್ ಮಷೀನಿಗೆ ಹಾಕಿದೆ, ಕುಗ್ಗಿ ಮಗುವಿನ ಅಳತೆಗೆ ಬಂತು. ಹೆದರಿ ಇನ್ನೊಂದನ್ನು ಕೈಯಲ್ಲೇ ಒಗೆದು ಹಗ್ಗಕ್ಕೆ ಹಾಕಿದೆ, ಅದು ತೊಡೆಯವರೆಗೆ ಜಗ್ಗಿದೆ. ಸರಿಮಾಡಬಹುದಾ? ಮುಂದೆ ಹೇಗೆ ಒಗೆಯಬೇಕು?

ಉತ್ತರ: ಜಗ್ಗಿದ್ದನ್ನು ಸರಿಮಾಡಬಹುದು. ಕುಗ್ಗಿದ್ದು ಕಷ್ಟ.

ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರಗಳಿರುತ್ತವೆ. ಬಿಸಿನೀರು ಬಿದ್ದಾಗ ಅವು ಬಿಚ್ಚಿಕೊಳ್ಳುತ್ತವೆ. ಆಗ ತಿಕ್ಕಿದರೆ, ಕುಕ್ಕಿದರೆ, ಮಷೀನಲ್ಲಿ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡುವುದಿಲ್ಲ. ಬರೀ ಬಿಸಿಗಿಂತ ಬಿಸಿ ಮತ್ತು ತಿಕ್ಕಾಟ ಎರಡೂ ಸೇರಿದಾಗಲೇ ಹಾನಿ ಜಾಸ್ತಿ.

ಕುಗ್ಗಿದ ಸ್ವೆಟರನ್ನು ಬೆಳಕಿಗೆ ಹಿಡಿದು ನೋಡಿ. ಹೆಣಿಗೆಯ ಕುಣಿಕೆಗಳು ಇನ್ನೂ ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಸ್ವಲ್ಪ ಆಸೆ ಇದೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಚಮಚ ಹೇರ್ ಕಂಡೀಷನರ್ ಬೆರೆಸಿ ಅರ್ಧ ಗಂಟೆ ನೆನೆಹಾಕಿ. ನೀರು ತೆಗೆದು ಹಾಸಿ, ಎಲ್ಲಾ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಪೂರ್ತಿ ಮೊದಲಿನಂತಾಗುತ್ತದೆ ಎಂದು ಮಾತ್ರ ಹೇಳಲಾರೆ. ಕುಣಿಕೆಯೇ ಕಾಣದಷ್ಟು ಒತ್ತಾಗಿದ್ದರೆ ಎಳೆದಾಡಬೇಡಿ. ಹಾಗಂತ ಅಮ್ಮ ಹೆಣೆದದ್ದನ್ನು ಬಿಸಾಡಲೂ ಬೇಡಿ. ಹೀಗೆ ಒತ್ತಾದ ಉಣ್ಣೆಯನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ, ಚಂದದ ಚೀಲ ಹೊಲಿಯಬಹುದು.

ಜಗ್ಗಿದ್ದರಲ್ಲಿ ಎಳೆ ಹಾಳಾಗಿಲ್ಲ. ಉಣ್ಣೆ ತುಂಬಾ ನೀರು ಹೀರುತ್ತದೆ, ಆ ಭಾರಕ್ಕೆ ಕುಣಿಕೆಗಳು ಉದ್ದವಾಗಿವೆ, ಅಷ್ಟೇ. ಮತ್ತೆ ನೆನೆಸಿ, ನೀರು ತೆಗೆದು, ಮಟ್ಟಸವಾಗಿ ಹಾಸಿ, ಬೇಕಾದ ಅಳತೆಗೆ ಕೈಯಿಂದ ಒತ್ತರಿಸಿ ಒಣಗಲು ಬಿಡಿ. ಸರಿಯಾಗಿ ಹೊಂದುವ ಹಳೇ ಸ್ವೆಟರ್ ಇದ್ದರೆ ಅದನ್ನು ಅಳತೆಗೆ ಇಟ್ಟುಕೊಳ್ಳಿ.

ಇನ್ನು ಒಗೆಯುವುದು. ಬೇಸಿನ್‌ನಲ್ಲಿ 30 ಡಿಗ್ರಿ ಮೀರದ ನೀರು ತೆಗೆದುಕೊಳ್ಳಿ. ಮುಟ್ಟಿದರೆ ಬಿಸಿ ಅನ್ನಿಸಬಾರದು. ಉಣ್ಣೆಗೆಂದೇ ಬರುವ ದ್ರವ ಸೋಪು ಹಾಕಿ. ಮಾಮೂಲಿ ಡಿಟರ್ಜೆಂಟ್ ಪುಡಿ ಬೇಡ. ಅನೇಕ ಪುಡಿಗಳಲ್ಲಿ ಪ್ರೊಟೀನ್ ಕಲೆ ತೆಗೆಯುವ ಕಿಣ್ವ ಇರುತ್ತದೆ, ಉಣ್ಣೆಯೂ ಪ್ರೊಟೀನೇ ಅಲ್ವಾ! ಕ್ಲೋರಿನ್ ಬ್ಲೀಚನ್ನಂತೂ ಹತ್ತಿರಕ್ಕೂ ತರಬೇಡಿ. ಸ್ವೆಟರನ್ನು ಒಳಹೊರಗು ಮಾಡಿ ಮುಳುಗಿಸಿ, ಮೆಲ್ಲಗೆ ಒತ್ತಿ, ಹತ್ತು ನಿಮಿಷ ಬಿಡಿ. ಅಷ್ಟೇ ಬೆಚ್ಚಗಿನ ನೀರಲ್ಲಿ ಜಾಲಿಸಿ. ಎತ್ತುವಾಗ ಕುತ್ತಿಗೆ ಹಿಡಿದು ಎತ್ತಬೇಡಿ, ಎರಡೂ ಕೈ ಅಡಿಗೆ ಕೊಟ್ಟು ಎತ್ತಿ.

ಹಿಂಡಲೇಬೇಡಿ. ದಪ್ಪ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿ. ಎಷ್ಟು ನೀರು ಬರುತ್ತದೆ ನೋಡಿದರೆ ಆಶ್ಚರ್ಯವಾಗುತ್ತದೆ. ಆಮೇಲೆ ನೆರಳಲ್ಲಿ, ಒಣ ಟವೆಲ್ ಮೇಲೆ ಹಾಸಿಟ್ಟು ಮಧ್ಯೆ ಒಮ್ಮೆ ಮಗುಚಿ. ಬಿಳಿ ಉಣ್ಣೆ ಬಿಸಿಲಿಗೆ ಹಳದಿಯಾಗುತ್ತದೆ.

ಅಕ್ರಿಲಿಕ್ ನೂಲಿನ ಸ್ವೆಟರ್ ಹೀಗೆ ಕುಗ್ಗುವುದಿಲ್ಲ, ಮಷೀನನ್ನೂ ತಡೆಯುತ್ತದೆ. ಆದರೆ ಬಿಸಿ ಇಸ್ತ್ರಿ ತಾಗಿದರೆ ಜೋಲುಬಿದ್ದು ಹಾಗೇ ಉಳಿಯುತ್ತದೆ.

ಪ್ರತಿ ಸಲ ತೊಟ್ಟ ಮೇಲೆ ಒಗೆಯಬೇಕಾಗಿಲ್ಲ, ಗಾಳಿಗೆ ಹರಡಿಟ್ಟರೆ ಸಾಕು. ಆದರೆ ತಿಂಗಳುಗಟ್ಟಲೆ ಎತ್ತಿಡುವ ಮುಂಚೆ ಒಗೆಯಲೇಬೇಕು. ಉಣ್ಣೆ ತಿನ್ನುವುದು ನುಸಿಯ ಮರಿಹುಳು, ಬೆವರು ಮತ್ತು ಊಟದ ಕಲೆ ಇದ್ದಲ್ಲಿ ಅದಕ್ಕೆ ರುಚಿ ಜಾಸ್ತಿ. ನುಸಿಗುಳಿಗೆ ಹಾಕಿದ್ದೇನೆ ಎಂದು ಕೊಳೆ ಬಟ್ಟೆ ಎತ್ತಿಡಬೇಡಿ. ಪೂರ್ತಿ ಒಣಗಿಸಿ, ಮಡಚಿ, ಬಿಗಿಯಾಗಿ ಮುಚ್ಚುವ ಚೀಲದಲ್ಲಿ ಇಡಿ.