ಕಾಡಿನ ಚಿಂಪಾಂಜಿಗಳ ಜೊತೆ ಇಡೀ ದಿನ ಕಳೆಯಬಹುದಾ? ಒಂದು ಗಂಟೆ ಸಾಕಾಗಲ್ವಾ?

ಖಂಡಿತ ಕಳೆಯಬಹುದು. ಪಶ್ಚಿಮ ಉಗಾಂಡಾದ ಕಿಬಾಲೆ ರಾಷ್ಟ್ರೀಯ ಉದ್ಯಾನದಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಸಾಮಾನ್ಯ ಟ್ರೆಕ್ಕಿಂಗ್‌ನಲ್ಲಿ ಚಿಂಪಾಂಜಿಗಳು ಸಿಕ್ಕ ಮೇಲೆ ಒಂದೇ ಗಂಟೆ ಸಮಯ. 'ಹ್ಯಾಬಿಚುಯೇಶನ್' ಪರ್ಮಿಟ್ ತೆಗೆದುಕೊಂಡರೆ ದಿನವಿಡೀ ಅವುಗಳ ಹಿಂದೆ ಹೋಗಬಹುದು. ಜನರನ್ನು ಕಂಡು ಓಡದ ಹಾಗೆ ಅವುಗಳಿಗೆ ರೂಢಿ ಮಾಡಿಸುವ ಕೆಲಸ ಅದು, ವರ್ಷಗಟ್ಟಲೆ ಹಿಡಿಯುತ್ತದೆ.

ದುಡ್ಡು ಜಾಸ್ತಿ, ಆದರೂ ನಾನು ಇಡೀ ದಿನವನ್ನೇ ಆರಿಸಿಕೊಳ್ಳಿ ಅಂತೀನಿ. ಒಂದು ಗಂಟೆಯಲ್ಲಿ ಅವು ಸುಮ್ನೆ ಮಲಗಿರಬಹುದು, ಇಲ್ಲವೇ ಎತ್ತರದ ಅತ್ತಿ ಮರದಲ್ಲಿ ಹಣ್ಣು ತಿನ್ನುತ್ತಾ ಕೂತಿರಬಹುದು. ದಿನವೆಲ್ಲಾ ಇದ್ದರೆ ಒಂದು ಇನ್ನೊಂದರ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ನೋಡುವುದು, ದೂರದ ಗುಂಪಿನ ಕೂಗಿಗೆ ಎಲ್ಲವೂ ಒಟ್ಟಿಗೆ ಕೂಗುವುದು, ಎಲ್ಲಾ ಸಿಗುತ್ತದೆ. ಸಂಜೆಯಂತೂ ಬಿಡಲೇಬೇಡಿ. ಚಿಂಪಾಂಜಿ ಮರದಲ್ಲಿ ಕೂತು ಕೊಂಬೆಗಳನ್ನು ಒಂದೊಂದಾಗಿ ತನ್ನ ಕಡೆ ಬಗ್ಗಿಸಿ, ಕಾಲಿಂದ ಅದುಮಿ ಹಿಡಿದು, ಮೇಲೆ ಎಲೆಯ ರೆಂಬೆ ಹಾಸಿ ಕೆಲವೇ ನಿಮಿಷದಲ್ಲಿ ಹಾಸಿಗೆ ಸಿದ್ಧ! ಸಾಮಾನ್ಯವಾಗಿ ದಿನಾ ರಾತ್ರಿ ಹೊಸದು.

ಒಂದು ಮಾತು ಮಾತ್ರ ಮರೆಯಬೇಡಿ. ನೆಗಡಿ, ಕೆಮ್ಮು ಇದ್ದರೆ ದಯವಿಟ್ಟು ಹೋಗಬೇಡಿ. ನಮ್ಮ ಸೋಂಕು ಅವುಗಳಿಗೂ ತಗಲುತ್ತದೆ. 2013ರಲ್ಲಿ ಇದೇ ಕಿಬಾಲೆಯ ಒಂದು ಗುಂಪಿನಲ್ಲಿ ಮನುಷ್ಯರ ನೆಗಡಿ ವೈರಸ್‌ನಿಂದ 5 ಚಿಂಪಾಂಜಿಗಳು ಸತ್ತವು. ಮಾಸ್ಕ್ ಹಾಕಿ, ದೂರ ನಿಲ್ಲಿ, ತಿಂಡಿಯನ್ನು ಅವುಗಳ ಎದುರು ತೆಗೆಯಬೇಡಿ.

ಜೂನ್‌ನಿಂದ ಆಗಸ್ಟ್ ಮಳೆ ಕಡಿಮೆ, ನಡೆಯಲು ಸುಲಭ. ಪರ್ಮಿಟ್ ತಿಂಗಳುಗಳ ಮುಂಚೆಯೇ ಮಾಡಿಸಿ.