ಹೊಂಡದ ಪಾಚಿಗೆ ಕಳೆನಾಶಕ: ನಾನು ಹಾಕಿ ಕೆಟ್ಟ ಕಥೆ

ಮೀನಿನ ಹೊಂಡಕ್ಕೆ ಹಸಿರು ಪೇಂಟ್ ಸುರಿದಂತಾಗಿದೆ, ಪಾಚಿಯ ದ್ಯುತಿಸಂಶ್ಲೇಷಣೆ ನಿಲ್ಲಿಸುವ ಔಷಧಿ ಯಾವುದು ಅಂತ ಕೇಳಿದ್ದೀರಿ. ಅಯ್ಯೋ, ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ.

ಕಬ್ಬಿಗೆ ತಂದ ಡೈಯೂರಾನ್ ಅನ್ನುವ ಕಳೆನಾಶಕ ಮನೆಯಲ್ಲಿ ಉಳಿದಿತ್ತು. ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಕಳೆಗೆ ಅದು ಬಿಡುವುದಿಲ್ಲ. ಪಾಚಿಯೂ ಬದುಕುವುದು ಹಾಗೇ ಅಲ್ವಾ? ಹಾಕಿದೆ. ಮಾರನೇ ದಿನ ನೋಡಿದರೆ ನೀರು ಹಾಗೇ ಹಸಿರು. ಹಳೇ ಸರಕು, ಕೆಲಸ ಮಾಡಿಲ್ಲ ಅಂತ ಇನ್ನೊಂದು ಸಲ ಹಾಕಿದೆ.

ಕೆಟ್ಟಿದ್ದು ಇಲ್ಲೇ. ಅದು ಮೊದಲ ದಿನವೇ ಕೆಲಸ ಮಾಡಿತ್ತು! ಪಾಚಿಯೊಳಗೆ ಬೆಳಕು ಎಬ್ಬಿಸಿದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ಡೈಯೂರಾನ್ ಆ ಸಾಲಿನಲ್ಲಿ ಒಬ್ಬರ ಜಾಗ ಹಿಡಿದು ಕೂರುತ್ತದೆ. ಸಾಲು ನಿಂತಿತು, ಆಮ್ಲಜನಕ ಬರುವುದೂ ನಿಂತಿತು. ಬಣ್ಣ ಮಾತ್ರ ಎಷ್ಟೋ ದಿನ ಹೋಗುವುದಿಲ್ಲ. ಹಸಿರೇ ಉಸಿರು ಅಂತ ಶಾಲೆ ಗೋಡೆ ಮೇಲೆ ಬರೆದಿರುತ್ತಾರಲ್ಲ, ನನ್ನ ಹೊಂಡದಲ್ಲಿ ಹಸಿರು ಇತ್ತು, ಉಸಿರು ಇರಲಿಲ್ಲ. ಆಮ್ಲಜನಕ ಕೊಡದ ಪಾಚಿ ತಾನು ಉಸಿರಾಡುವುದನ್ನು ಬಿಡಲಿಲ್ಲ. ಸತ್ತ ಪಾಚಿ ಕೊಳೆಯುವುದಕ್ಕೂ ಆಮ್ಲಜನಕ ಬೇಕು. ಸಾಲದ್ದಕ್ಕೆ ಮೂರು ದಿನ ಮೋಡ.

ನಾಲ್ಕನೇ ದಿನ ಬೆಳಗಿನ ಜಾವ ಐದಕ್ಕೆ ಹೋದರೆ ಕಾಟ್ಲಾ, ರೋಹು ಎಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪಂಪ್ ಹಾಕೋಣ ಅಂದರೆ ಕರೆಂಟ್ ಇಲ್ಲ. ಎಂಟರ ಹೊತ್ತಿಗೆ ದೊಡ್ಡವೆಲ್ಲ ತೇಲಿದವು. ಔಷಧಿ ಬಿದ್ದ ಮೀನನ್ನು ಮಾರುವುದು ಹೇಗೆ? ಗುಂಡಿ ತೋಡಿ ಹೂತೆ. ಅದೇ ನೀರು ಬಿಟ್ಟ ಬದನೆ ಸಾಲೂ ಹಳದಿಯಾಯಿತು.

ಹಾಗಾಗಿ ಯಾವ ಔಷಧಿ ಅನ್ನುವ ಪ್ರಶ್ನೆಯೇ ಬೇಡ. ಪಾಚಿ ಕೊಲ್ಲಲು ಹಾಕುವ ಮೈಲುತುತ್ತವೂ (ಕಾಪರ್ ಸಲ್ಫೇಟ್) ಬೇಡ. ನೀಲಿ-ಹಸಿರು ಪಾಚಿಗಳಲ್ಲಿ ಕೆಲವು ವಿಷ ಮಾಡುತ್ತವೆ, ಸತ್ತು ಒಡೆದಾಗ ಅದು ನೀರಿಗೆ ಸೇರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಅಣೆಕಟ್ಟೆಗೆ ಮೈಲುತುತ್ತ ಹಾಕಿದ ಮೇಲೆ 148 ಜನ ಕಾಯಿಲೆ ಬಿದ್ದರು. ಹೆಚ್ಚಿನವರು ಮಕ್ಕಳು. ನಿಮ್ಮ ಹಸುಗಳು ಕುಡಿಯುವುದು ಇದೇ ಹೊಂಡದಲ್ಲಿ ಅಂತ ನೀವೇ ಬರೆದಿದ್ದೀರಿ.

ನೆದರ್ಲೆಂಡ್ಸ್‌ನವರು 2009ರಲ್ಲಿ ಒಂದು ಕೆರೆಗೆ ಲೀಟರಿಗೆ 2 ಮಿಲಿಗ್ರಾಂನಷ್ಟು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಗೆದ್ದರು, ನಿಜ. ಅದನ್ನು ಸಮನಾಗಿ ಬೆರೆಸಲು ಅವರು ಬೇರೆ ಸಲಕರಣೆಯನ್ನೇ ಮಾಡಿಕೊಂಡಿದ್ದರು. ನಾವು ಬಕೆಟ್‌ನಲ್ಲಿ ಎರಚುವ ಜನ.

ಸಗಣಿ ಹಾಕುವುದನ್ನು ಇವತ್ತೇ ನಿಲ್ಲಿಸಿ, ಪಾಚಿಗೆ ಊಟ ಹಾಕುತ್ತಿರುವುದು ನೀವೇ. ಮೀನಿನ ಮೇವು ಅರ್ಧ ಮಾಡಿ. ಗಾಳಿಗೆ ಮೂಲೆ ಸೇರುವ ಕೆನೆಯನ್ನು ಹಳೇ ಸೀರೆಯಲ್ಲಿ ಎಳೆದು ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ರಾತ್ರಿ ಪೂರ್ತಿ ನೀರನ್ನು ಮೇಲಕ್ಕೆ ಚಿಮ್ಮಿಸಿ. ಡೀಸೆಲ್ ಪಂಪ್ ಇಲ್ಲದಿದ್ದರೆ ಮೊದಲು ಅದನ್ನು ಹೊಂದಿಸಿಕೊಳ್ಳಿ.