ಅಣ್ಣಿಗೇರಿ ಬರುವ ತನಕ

ಗದಗದ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಪಿಯುಸಿ ಮುಗಿಯುವವರೆಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆಮೇಲೆ ಬಿ.ಎ., ಇತಿಹಾಸದಲ್ಲಿ ಎಂ.ಎ., ಅದಾದ ಮೇಲೆ ಎರಡು ವರ್ಷ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್. ಈಗ ಹುಬ್ಬಳ್ಳಿಯಲ್ಲಿ ಕೆಲಸ, ದಿನಾ ಗದಗದಿಂದ ರೈಲು. ಕಾದಂಬರಿ ಹಿಡಿದರೆ ಎರಡನೇ ಪುಟಕ್ಕೆ ನಿದ್ದೆ. ನಡುವೆ ಒಂದು ಇಸವಿ ಕಂಡರೆ ಮಾತ್ರ ಎಚ್ಚರ, ಕೈ ತಾನಾಗಿಯೇ ಪೆನ್ಸಿಲ್ ಹುಡುಕುತ್ತದೆ. 2023ರ ಹಾವೇರಿ ಸಾಹಿತ್ಯ ಸಮ್ಮೇಳನದಲ್ಲಿ ಕೊಂಡ ಐದು ಪುಸ್ತಕ ಇನ್ನೂ ಅದೇ ಚೀಲದಲ್ಲಿವೆ. ಮತ್ತೆ ಶುರು ಮಾಡಲು ಹತ್ತು ಒಳ್ಳೆಯ ಪುಸ್ತಕಗಳ ಪಟ್ಟಿ ಕೊಡುತ್ತೀರಾ? ದಯವಿಟ್ಟು ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಹೆಸರು ಹಾಕಿಲ್ಲ. ಪಟ್ಟಿಯನ್ನೂ ಕೊಡುವುದಿಲ್ಲ, ಸಿಟ್ಟಾಗಬೇಡಿ.

ಕೊಟ್ಟರೆ ಏನಾಗುತ್ತದೆ ಅಂತ ನನಗೆ ಗೊತ್ತು. ನೀವು ಅದನ್ನು ಡೈರಿಯಲ್ಲಿ ಬರೆದುಕೊಳ್ಳುತ್ತೀರಿ. ಒಂದೊಂದರ ಮುಂದೆ ಚೌಕ ಹಾಕುತ್ತೀರಿ. ಮೂರನೆಯದು ಹಿಡಿಸುವುದಿಲ್ಲ. ಸಂಪಾದಕರು ಹೇಳಿದ್ದಾರೆ, ಬಿಡುವುದು ಹೇಗೆ ಅಂತ ಅದನ್ನೇ ಎರಡು ತಿಂಗಳು ಹೊತ್ತು ತಿರುಗುತ್ತೀರಿ. ಅದಕ್ಕೆ ಸಿಲಬಸ್ ಅನ್ನುತ್ತಾರೆ. ಅದನ್ನು ಏಳು ವರ್ಷ ಮಾಡಿ ಬಂದಿದ್ದೀರಿ, ಎಂಟನೇ ವರ್ಷ ನನ್ನ ಕಡೆಯಿಂದ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಆ ಪೆನ್ಸಿಲ್. ಅದನ್ನು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳತೊಡಗಿದರು. ಒಬ್ಬರಿಗೆ ಕವಿತೆ ಓದಿದ ಕೂಡಲೇ 'ಸಾರಾಂಶ ಬರೆಯಿರಿ' ಅಂತ ಕೇಳಿಸುತ್ತದಂತೆ.

ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ. ಪರೀಕ್ಷೆಗೆ ಉರು ಹೊಡೆಯುವುದೂ ಓದು, ಮಳೆ ಬರುವಾಗ ಹಾಸಿಗೆಯಲ್ಲಿ ಬಿದ್ದುಕೊಂಡು ಕಾದಂಬರಿ ತಿರುವುವುದೂ ಓದು. 'ಎಷ್ಟು ಓದಿದ್ದೀರಿ?' ಅಂದರೆ ಡಿಗ್ರಿ ಕೇಳಿದ ಹಾಗೆ. 'ಓದು ಬಿಟ್ಟ' ಅಂದರೆ ಕಾಲೇಜು ಬಿಟ್ಟ ಅಂತ. ಕನ್ಯಾ ನೋಡಲು ಬಂದವರು 'ಓದಿದ ಹುಡುಗಿ' ಅಂದರೆ, ಈಕೆ ರಾತ್ರಿಯೆಲ್ಲ ಕಥೆ ಓದುತ್ತಾಳೆ ಅಂತ ಯಾರೂ ತಿಳಿಯುವುದಿಲ್ಲ. ನೀವಿದ್ದ ಸಪ್ತಾಪುರದಲ್ಲಂತೂ ಕೇಳುವುದೇ ಬೇಡ. ಚಹಾದಂಗಡಿ ಮುಂದೆ ನಿಂತ ಹುಡುಗರನ್ನು 'ಏನ್ ಓದಾಕತ್ತೀರಿ?' ಅಂತ ಕೇಳಿ ನೋಡಿ. 'ಪಿಎಸ್‌ಐ', 'ಎಫ್‌ಡಿಎ', 'ಕೆಎಎಸ್' ಅನ್ನುತ್ತಾರೆ. ಪುಸ್ತಕ ಕೇಳಿದರೆ ಹುದ್ದೆ ಹೇಳುತ್ತಾರೆ.

ಗ್ರಂಥಾಲಯಗಳಲ್ಲೂ ಇದೇ ಕಥೆ. ಬಾಗಿಲು ತೆಗೆಯುವ ಮೊದಲೇ ಹುಡುಗ ಹುಡುಗಿಯರು ಸಾಲು ನಿಂತಿರುತ್ತಾರೆ. ಅರ್ಧ ಗಂಟೆಗೆ ಕುರ್ಚಿ ಭರ್ತಿ. ಮೇಜಿನ ಮೇಲಿರುವುದು ಮಾತ್ರ ಅವರೇ ರೂಮಿನಿಂದ ತಂದ ದಪ್ಪ ದಪ್ಪ ಪುಸ್ತಕ. ಬೆನ್ನ ಹಿಂದಿನ ಕಪಾಟನ್ನು ತೆಗೆಯುವವರು ಕಡಿಮೆ. ಅವರನ್ನು ಬೈಯುತ್ತಿಲ್ಲ. ನೌಕರಿ ಬೇಕಲ್ವಾ? ಆದರೆ ಹಾಗೆ ಕೂತು ಕೂತು ಪುಸ್ತಕ ಕಂಡ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಹುಬ್ಬು ಗಂಟಾಗುತ್ತದೆ. ನೌಕರಿ ಸಿಕ್ಕ ಮೇಲೂ ಮೈ ಅದನ್ನು ಮರೆಯುವುದಿಲ್ಲ. ನಿಮಗೆ ನಿದ್ದೆ ಬರುವುದು ಬೇಜಾರಿನಿಂದ ಅಂತ ನೀವು ತಿಳಿದಿದ್ದೀರಿ. ನನಗೇನೋ ಅದು ದಣಿವು ಅನ್ನಿಸುತ್ತದೆ.

ಮೊಬೈಲ್ ಬಗ್ಗೆ ನೀವು ಏನೂ ಬರೆದಿಲ್ಲ, ಅದಕ್ಕೆ ಥ್ಯಾಂಕ್ಸ್. ಈ ವಿಷಯ ಎತ್ತಿದರೆ ಎಲ್ಲರೂ ಮೊದಲು ಅದಕ್ಕೇ ಬೈಯುತ್ತಾರೆ. ನನ್ನ ಓದು ನಿಂತಾಗ ನಮ್ಮ ಓಣಿಯಲ್ಲಿ ಒಂದು ಲ್ಯಾಂಡ್‌ಲೈನ್ ಕೂಡ ಇರಲಿಲ್ಲ.

ಹೌದು, ನನ್ನದೂ ನಿಂತಿತ್ತು. ಪಿಯುಸಿ ರಜೆಯಲ್ಲಿ ಒಂದು ಕಾದಂಬರಿಯನ್ನು ಎರಡೇ ದಿನದಲ್ಲಿ ಮುಗಿಸಿ, ಕೊನೆಗೆ ಅತ್ತಿದ್ದೆ. ಡಿಗ್ರಿಗೆ ಬಂದರೆ ಅದೇ ಪಠ್ಯ. ಖುಷಿಯಾಯಿತು. ಮೇಷ್ಟ್ರು ಮೊದಲ ದಿನವೇ ಬೋರ್ಡಿನ ಮೇಲೆ 'ಕಾದಂಬರಿಯ ಆರು ಲಕ್ಷಣಗಳು' ಅಂತ ಬರೆದರು. ಆ ಪುಸ್ತಕದ ನಾಯಕಿಯ ಮೇಲೆ ಮೂರು ವರ್ಷದಲ್ಲಿ ನಾನು ಎಷ್ಟು ಸಲ ಹತ್ತು ಮಾರ್ಕಿನ ಉತ್ತರ ಬರೆದೆನೋ! ನಾನು ಅತ್ತಿದ್ದು ಆಕೆಗಾಗಿಯೇ. ಕೊನೆ ಕೊನೆಗೆ ಪುಸ್ತಕ ತೆಗೆಯುವುದನ್ನೇ ಬಿಟ್ಟೆ. ಗೈಡ್ ಸಾಕಾಗುತ್ತಿತ್ತು. ಫಸ್ಟ್ ಕ್ಲಾಸ್ ಬಂತು. ಆಮೇಲೆ ನಾಲ್ಕು ವರ್ಷ ಕಥೆ, ಕಾದಂಬರಿ ಯಾವುದನ್ನೂ ಮುಟ್ಟಲಿಲ್ಲ.

ನನ್ನ ಓದನ್ನು ವಾಪಸ್ ಕೊಟ್ಟದ್ದು ಬ್ಯಾಡಗಿಯ ಮೆಣಸಿನಕಾಯಿ.

ಬ್ಯಾಡಗಿಯಲ್ಲಿ ನನ್ನ ಸೋದರತ್ತೆ ಇದ್ದಳು. ಹಂಗಾಮಿನಲ್ಲಿ ಓಣಿಯ ಹೆಂಗಸರು ಅವಳ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ತೊಟ್ಟಿಗೆ ಅಲ್ಲಿ ತುಂಬು ಅನ್ನುತ್ತಾರೆ. ಅತ್ತೆ ಕಲಿತದ್ದು ನಾಲ್ಕನೇ ಇಯತ್ತೆ, ಆದರೆ ಧಾರಾವಾಹಿಗಳ ಹುಚ್ಚಿ. ವಾರಪತ್ರಿಕೆಗಳಿಂದ ಧಾರಾವಾಹಿಯ ಪುಟ ಕತ್ತರಿಸಿ, ಒಟ್ಟು ಮಾಡಿ, ದಬ್ಬಣ ಮತ್ತು ಹುರಿಯಿಂದ ಹೊಲಿದು ಇಡುತ್ತಿದ್ದಳು. ಅಂಥ ಕಟ್ಟು ಟ್ರಂಕಿನಲ್ಲಿ ಏಳೋ ಎಂಟೋ ಇದ್ದವು. ಆ ವರ್ಷ ಅವಳ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಓದಬೇಡಿ, ಧೂಳಿಗೆ ಹೋಗಬೇಡಿ ಅಂದಿದ್ದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಚಡಪಡಿಸುತ್ತಿದ್ದಳು. ನಾನು ಕೆಲಸ ಇಲ್ಲದೆ ಊರೂರು ಅಲೆಯುತ್ತಿದ್ದವನು. ಕೈಗೆ ಒಂದು ಕಟ್ಟು ಕೊಟ್ಟು 'ಓದು' ಅಂದಳು.

ಹೊಸ್ತಿಲ ಮೇಲೆ ಕೂತೆ. ಒಳಗೆ ಅತ್ತೆ, ಹೊರಗೆ ಹತ್ತು ಹನ್ನೆರಡು ಹೆಂಗಸರು, ನಡುವೆ ಖಾರದ ಘಾಟು. ನಾಲ್ಕು ಸಾಲಿಗೊಂದು ಸೀನು. ಫಸ್ಟ್ ಕ್ಲಾಸ್ ಅಲ್ವಾ, ನಾನು ವರ್ಣನೆಗಳನ್ನು ರಾಗವಾಗಿ ಓದತೊಡಗಿದೆ. ಅತ್ತೆ ಒಳಗಿನಿಂದಲೇ ಕೂಗಿದಳು: 'ಆ ಚಂದ್ರನ್ನ ಬಿಡೋ. ಆಕಿ ಮನಿಗೆ ಬಂದ್ಲೋ ಇಲ್ಲೋ, ಅದನ್ನ ಹೇಳು.'

ಹೇಳಿದೆ. 'ಮುಂದ ಏನಾತು?' ಅಂತ ಅಂಗಳದಿಂದ ಕೇಳಿದರು. ಓದಿದೆ. ಮತ್ತೆ 'ಮುಂದ?' ದೀಪ ಹಚ್ಚುವ ಹೊತ್ತಾಯಿತು, ಗೊತ್ತೇ ಆಗಲಿಲ್ಲ. ಇನ್ನೊಂದು ವಿಷಯ ನನಗೆ ಗೊತ್ತಾಗದೇ ನಡೆದಿತ್ತು. ಮಧ್ಯಾಹ್ನದಿಂದ ಸಂಜೆ ತನಕ ಆ ಕಾದಂಬರಿಯ ಲಕ್ಷಣಗಳು ಎಷ್ಟು ಅಂತ ಒಮ್ಮೆಯೂ ನೆನಪಾಗಿರಲಿಲ್ಲ.

ಐದನೇ ದಿನ ಒಂದು ಕಂತು ಇರಲೇ ಇಲ್ಲ. ಆ ವಾರ ಅಂಗಡಿಗೆ ಪತ್ರಿಕೆ ಬಂದಿರಲಿಲ್ಲವಂತೆ. ನಾನು ಮುಂದಿನದಕ್ಕೆ ಹಾರಬೇಕೆಂದರೆ ಅಂಗಳ ಬಿಡಲಿಲ್ಲ. 'ಆಕಿ ತವರಿಗೆ ಹೋಗಿರ್ತಾಳ' ಅಂದಳೊಬ್ಬಳು. 'ಎಲ್ಲಿ ತವರು? ಅತ್ತಿ ಕಾಗದ ಮುಚ್ಚಿಟ್ಟಾಳ' ಅಂದಳು ಇನ್ನೊಬ್ಬಳು. ಚಹಾ ಬರುವ ತನಕ ಜಗಳ. ಕೊನೆಗೆ ಅವರೇ ಒಂದು ಕಂತು ಕಟ್ಟಿ ಮುಗಿಸಿದರು. ಎಷ್ಟೋ ವರ್ಷದ ಮೇಲೆ ಹಳೆಯ ಸಂಚಿಕೆಗಳ ಕಟ್ಟಿನಲ್ಲಿ ನನಗೆ ಆ ಕಂತು ಸಿಕ್ಕಿತು. ಅದರಲ್ಲಿ ಇದ್ದದ್ದು ಬರೀ ಒಂದು ಕನಸು ಮತ್ತು ಒಂದೂವರೆ ಪುಟ ಬೆಳದಿಂಗಳು. ಅಂಗಳದ ಕಂತೇ ಚೆನ್ನಾಗಿತ್ತು. ಸಂಪಾದಕನಾಗಿ ಹೇಳುತ್ತಿದ್ದೇನೆ.

ಧಾರಾವಾಹಿ ಓದುವುದು ಕೀಳು ಅಂತ ನನಗೆ ಕಾಲೇಜು ಕಲಿಸಿತ್ತು. ನಿಮಗೂ ಒಳಗೊಳಗೇ ಹಾಗನ್ನಿಸುತ್ತಿರಬೇಕು. ಇಲ್ಲದಿದ್ದರೆ ಹತ್ತು 'ಒಳ್ಳೆಯ' ಪುಸ್ತಕ ಅಂತ ಕೇಳುತ್ತಿರಲಿಲ್ಲ. ಅದೇ ಹಾವೇರಿ ಸೀಮೆಯ ಗಳಗನಾಥರನ್ನು ನೆನೆಸಿಕೊಳ್ಳಿ. ಹುಟ್ಟಿದ್ದು 1869ರಲ್ಲಿ. ವೃತ್ತಿಯಿಂದ ಶಾಲಾ ಮಾಸ್ತರರು. ಮರಾಠಿ ಕಾದಂಬರಿಗಳನ್ನು ಮನೆ ಮನೆಯಲ್ಲಿ ಓದುತ್ತಿದ್ದ ಈ ಭಾಗದಲ್ಲಿ ಕನ್ನಡದಲ್ಲಿ ರಾಜರ, ಯುದ್ಧಗಳ, ಸಂಚುಗಳ ಕಥೆ ಬರೆದರು. ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆ ಗಂಟಿನಿಂದ ಪುಸ್ತಕ ಕೊಂಡವರಿಗೆ ಅದರ ಮೇಲೆ ಪರೀಕ್ಷೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಂಗಳದ ಹೆಂಗಸರಿಗೆ ಬೇಕಾಗಿದ್ದದ್ದೇ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಶುರು ಮಾಡಿದಾಗಲೂ ಇಂಥ ಮನೆಗಳನ್ನೇ ನಂಬಿದ್ದರು. ಚಂದಾ ಕಟ್ಟಿದರೆ ಪುಸ್ತಕ ಮನೆಗೆ ಬರುತ್ತಿತ್ತು. ಸುಭಾಷ್ ರಸ್ತೆಯಲ್ಲಿ ಗ್ರಂಥಮಾಲೆಯ ಕಚೇರಿಯಿದ್ದ ಆ ಅಟ್ಟದಲ್ಲಿ ಕೂತು ಹರಟಿದ ದೊಡ್ಡವರ ಹೆಸರು ನಮಗೆಲ್ಲ ಬಾಯಿಪಾಠ. ಚಂದಾ ಕಟ್ಟಿ ಟಪಾಲಿನವನ ದಾರಿ ಕಾಯುತ್ತಿದ್ದವರ ಹೆಸರು ಯಾರೂ ಬರೆದಿಡಲಿಲ್ಲ. ನನ್ನ ಕೇಳಿದರೆ ಅಟ್ಟದಷ್ಟೇ ಭಾರ ಅವರದೂ.

ಈಗ ನಿಮ್ಮ ಚೀಲಕ್ಕೆ ಬರೋಣ. ಐದು ಪುಸ್ತಕ. ಅದರಲ್ಲಿ ಒಂದೆರಡನ್ನು ನೀವು ಶುರು ಮಾಡಿ ಬಿಟ್ಟಿರುತ್ತೀರಿ ಅಂತ ನನ್ನ ಗುಮಾನಿ. ಅರ್ಧಕ್ಕೆ ಬಿಟ್ಟ ಪುಸ್ತಕ ಫೇಲಾದ ಪೇಪರಿನ ಹಾಗೆ ಕಾಡುತ್ತದೆ, ಗೊತ್ತು. ನೀವು ಗದಗದವರು, ನಿಮಗೆ ಇದನ್ನು ಹೇಳುವುದು ಸುಲಭ. ನಿಮ್ಮೂರ ಕುಮಾರವ್ಯಾಸ ಭಾರತವನ್ನು ಎಷ್ಟು ಬರೆದ? ಹದಿನೆಂಟು ಪರ್ವಗಳಲ್ಲಿ ಹತ್ತು. ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆಯಬೇಕಾಯಿತು. ಬರೆದವನೇ ಎಂಟು ಪರ್ವ ಬಿಟ್ಟನಲ್ಲ! ಓದುವ ನಾವು ನಲವತ್ತನೇ ಪುಟಕ್ಕೆ ಮುಚ್ಚಿದರೆ ಯಾವ ಮಹಾಪರಾಧ? ಮುಚ್ಚಿ. ಚೀಲದಿಂದ ಇನ್ನೊಂದನ್ನು ತೆಗೆಯಿರಿ.

ಅವನದೇ ಇನ್ನೊಂದು ಕಥೆ ನಿಮಗೆ ಗೊತ್ತಿರುತ್ತದೆ. ವೀರನಾರಾಯಣ ಗುಡಿಯಲ್ಲಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕಂಬದ ಹತ್ತಿರ ಕೂರುತ್ತಿದ್ದನಂತೆ. ಬಟ್ಟೆ ಒಣಗುವ ತನಕ ಪದ್ಯ ಬರುತ್ತಿತ್ತು, ಒಣಗಿದ ಮೇಲೆ ಆ ದಿನದ ಕೆಲಸ ಮುಗೀತು. ನಿಜವೋ ಸುಳ್ಳೋ, ಲೆಕ್ಕ ಮಾತ್ರ ಚೆನ್ನಾಗಿದೆ. ಇಷ್ಟು ಪುಟ ಅಂತ ಇಲ್ಲ, ಇಷ್ಟು ಗಂಟೆ ಅಂತಲೂ ಇಲ್ಲ. ಬಿಸಿಲು ಜಾಸ್ತಿ ಇದ್ದ ದಿನ ನಾಲ್ಕು ಪದ್ಯ ಕಡಿಮೆ, ಅಷ್ಟೇ.

ನಿಮಗೆ ರೈಲಿದೆ. ಗದಗ ಬಿಟ್ಟು ಹುಲಕೋಟಿ ದಾಟಿ ಅಣ್ಣಿಗೇರಿ ಬರುವ ತನಕ ಓದಿ. ಸುಮಾರು ಅರ್ಧ ಗಂಟೆ. ಅಣ್ಣಿಗೇರಿ ಬಂದ ಮೇಲೆ ಮುಚ್ಚಿಬಿಡಿ. ಆಮೇಲೆ ಮೊಬೈಲ್ ನೋಡಿ, ಪಕ್ಕದವರ ಜೊತೆ ಹರಟೆ ಹೊಡೆಯಿರಿ, ನಿದ್ದೆ ಮಾಡಿ. ಕಥೆ ಸ್ವಾರಸ್ಯದ ಜಾಗದಲ್ಲಿದ್ದರೂ ಮುಚ್ಚಿ. ನಾಳೆ ಬೆಳಗ್ಗೆ ಸೀಟು ಹಿಡಿಯಲು ಅದೂ ಒಂದು ನೆವ. ಪೆನ್ಸಿಲನ್ನು ಮನೆಯಲ್ಲೇ ಬಿಟ್ಟು ಬನ್ನಿ. ಇಸವಿ ಬಂದರೆ ಬರಲಿ, ಹೋಗಲಿ. ಅಂದ ಹಾಗೆ, ಕುಮಾರವ್ಯಾಸನ ಊರಲ್ಲಿ ಹತ್ತಿ ಪಂಪನ ಅಣ್ಣಿಗೇರಿ ತನಕ ಓದುವ ಯೋಗ ಬೇರೆ ಯಾವ ಪ್ಯಾಸೆಂಜರ್‌ಗೆ ಇದೆ? ಈ ಮಾತನ್ನೂ ಅಡಿಗೆರೆ ಎಳೆದು ಇಟ್ಟುಕೊಳ್ಳಬೇಡಿ, ಸುಮ್ನೆ ಹೇಳಿದೆ.

ಓದಿದ್ದು ನೆನಪಿರುವುದಿಲ್ಲ ಅಂತ ಮುಂದಿನ ಪತ್ರದಲ್ಲಿ ಬರೆಯುತ್ತೀರಿ. ಇರದಿದ್ದರೆ ಬೇಡ. ಅತ್ತೆಯ ಅಂಗಳದಲ್ಲಿ ಓದಿದ ಆ ಧಾರಾವಾಹಿಯ ನಾಯಕಿಯ ಹೆಸರು ನನಗೆ ಈಗ ನೆನಪಿಲ್ಲ. ಹತ್ತು ಮಾರ್ಕಿನ ನಾಯಕಿಯ ಗುಣಗಳು ಮಾತ್ರ ಇವತ್ತಿಗೂ ಬರುತ್ತವೆ, ಎಂಟೂ, ಅನುಕ್ರಮವಾಗಿ.

ಐದೂ ಪುಸ್ತಕ ಹಿಡಿಸದಿದ್ದರೆ ಹೊಸದು ಕೊಳ್ಳಬೇಡಿ. ಕೊಂಡ ಪುಸ್ತಕ ಕಪಾಟಿನಿಂದ ನೋಡುತ್ತಾ ಕೂರುತ್ತದೆ. ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಹೋಗುತ್ತಿದೆ, ಈಗ ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ನಿಮ್ಮ ಅಪ್ಪ ಕಟ್ಟಿದ ದುಡ್ಡು ಅಲ್ಲಿ ಪುಸ್ತಕವಾಗಿ ಕೂತಿದೆ. ಹುಡುಗರ ಕುರ್ಚಿಗಳನ್ನು ದಾಟಿ ಹಿಂದಿನ ಕಪಾಟಿಗೆ ಹೋಗಿ. ಬೆನ್ನು ಹರಿದು ಅಂಟು ಹಾಕಿದ ಪುಸ್ತಕ ಹುಡುಕಿ. ತುಂಬಾ ಜನ ಒಯ್ದದ್ದು ಅಂತ ಅದರ ಅರ್ಥ. ಹಿಡಿಸದಿದ್ದರೆ ಮುಂದಿನ ವಾರ ವಾಪಸ್ ಕೊಟ್ಟು ಬನ್ನಿ. 'ಪೂರ್ತಿ ಓದಿದಿರಾ?' ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಒಂದು ದಿನ ನೀವು ತಲೆ ಎತ್ತಿದಾಗ ಅಣ್ಣಿಗೇರಿ ಹಿಂದೆ ಹೋಗಿರುತ್ತದೆ. ಹುಬ್ಬಳ್ಳಿಯ 1507 ಮೀಟರಿನ ಪ್ಲಾಟ್‌ಫಾರ್ಮ್ ಬಂದಿರುತ್ತದೆ, ಜನ ಇಳಿಯುತ್ತಿರುತ್ತಾರೆ. ಆ ದಿನ ನನಗೊಂದು ಕಾರ್ಡು ಬರೆಯಿರಿ. ಪುಸ್ತಕ ಯಾವುದು, ಬರೆದವರು ಯಾರು, ಒಳ್ಳೆಯದೋ ಅಲ್ಲವೋ, ಏನೂ ಬೇಡ. ಇಳಿಯುವಾಗ ಯಾವ ಪುಟದಲ್ಲಿದ್ದಿರಿ, ಅಷ್ಟು ಬರೆದರೆ ಸಾಕು.